ಹದಿನೆಂಟರ ಬಣ್ಣ

ಕಕ್ಕಡ ಹದಿನೆಂಟರ ಮರುದಿನ
ಗೋಣಿಕೊಪ್ಪದ ನಮ್ಮ ಲ್ಯಾಬಿಗೆ ಬರುವ
ಬಾಟಲಿಗಳೆಲ್ಲ ಕೆಂಪು.
ಗದಗದಿಂದ ಬಂದ ಹೊಸ ಹುಡುಗ
ಮೊದಲ ವರ್ಷ ಬೆವತುಹೋಗಿದ್ದ:
ಮೇಡಂ, ರಕ್ತ!
ರಕ್ತವಲ್ಲ ಮಾರಾಯ, ಪಾಯಸ.
ಬೇಲಿ ಬದಿಯ ಒಂದು ಸೊಪ್ಪು.
ಆ ದಿನ ಹದಿನೆಂಟು ಮದ್ದು ಬಂದು
ಅದರೊಳಗೆ ಕೂರುತ್ತವಂತೆ.
ಕುದಿಸಿದರೆ ನೇರಳೆ, ಉಚ್ಚೆಗಿಳಿದರೆ ಕೆಂಪು,
ಕೆಂಪಾದರೆ ಹಿಡಿಯಿತು ಎಂದು ಲೆಕ್ಕ.
ಅವನಿಗೂ ಒಂದು ಬಟ್ಟಲು ಕೊಟ್ಟೆವು.

ಒಂದು ದಿನದ ಬಣ್ಣ ಅದು.
ಬೊಳ್ಳವ್ವನದು ಒಂಬತ್ತನೆಯ ದಿನವೂ ಹೋಗಲಿಲ್ಲ.
ಈ ಸಲ ಮದ್ದು ಚೆನ್ನಾಗಿ ಹಿಡಿದಿದೆ ಎಂದು
ಹುದಿಕೇರಿ ಬಸ್ಸಿನುದ್ದಕ್ಕೂ ಹೇಳಿಕೊಂಡು ಬಂದವಳು,
ಬಂದದ್ದು ಸಕ್ಕರೆ ನೋಡಿಸಲು.

ಬಾಟಲಿ ಬೆಳಕಿಗೆ ಹಿಡಿದೆ.
ಕೆಂಪಲ್ಲ. ಹಾಲಿಲ್ಲದ ಕಾಪಿ.
ಕುಲುಕಿದೆ. ನೊರೆಯೂ ಹಳದಿ.
ತಲೆಯೆತ್ತಿ ಅವಳ ಕಣ್ಣು ನೋಡಿದೆ.
ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ,
ಸುಳ್ಳು.
ಅವಳಿಗೆ ಗೋಡೆ ಬಿಳಿ, ನನ್ನ ಕೋಟು ಬಿಳಿ.
ಹಳದಿ ಕಂಡದ್ದು ನನಗೆ.

ಮಾತ್ರೆ ಏನಾದರೂ? ಡಾಕ್ಟರು ಕೇಳಿದರು.
ಎಂತದೂ ಇಲ್ಲೆ.
ನಾಟಿ ಮದ್ದು?
ಪಾಯಸ ಬಿಟ್ಟರೆ ಎಂತದೂ ಇಲ್ಲೆ.
ಕುಡಿಯುವುದು?
ಮದುವೆಗೆ ಹೋದರೆ ಒಂದು ಲೋಟ ವೈನು, ಮನೆಯದೇ.
ಮಂಡಿನೋವು ಹೇಗಿದೆ?
ಅವಳು ನಕ್ಕಳು:
ಮೂರು ತಿಂಗಳಿಂದ ಬಹಳ ಸುಖ,
ಮೆಟ್ಟಿಲು ಹತ್ತುತ್ತೇನೆ.

ಪೆನ್ನು ನಿಂತಿತು.
ಆ ಸುಖ ಎಲ್ಲಿಂದ ಬಂತು, ಬೊಳ್ಳವ್ವ?

ಸಂತೆಯಿಂದ.
ಭಾನುವಾರ ಕಪ್ಪು ಕೊಡೆಯ ಕೆಳಗೆ ಕೂರುವವನು,
ಹೆಸರು ಗೊತ್ತಿಲ್ಲ, ಮಾತು ಬೆಣ್ಣೆ,
ಚಮಚದ ಲೆಕ್ಕದಲ್ಲಿ ಪುಡಿ. ಚೀಟಿ ಇಲ್ಲ.
ಅದು ಮಾತ್ರೆಯಲ್ಲವಲ್ಲ, ಬರೀ ಬೇರು.
ಮತ್ತೆ ಮೈ ಬಿಸಿಯಾದಾಗ
ನಾದಿನಿ ಕೊಟ್ಟ ಬಿಳಿ ಗುಳಿಗೆ,
ದಿನಕ್ಕೆ ಎಂಟು, ಒಮ್ಮೊಮ್ಮೆ ಹತ್ತು.
ಎಲ್ಲರೂ ನುಂಗುವುದು, ಅದನ್ನೂ ಹೇಳಬೇಕಾ?

ಕೋವಿಗೆ ತುಂಬುವುದಕ್ಕೂ ಮದ್ದು ಎನ್ನುತ್ತೇವೆ ನಾವು.
ಅದನ್ನು ಅಳೆದು ತುಂಬುತ್ತೇವೆ,
ಮಕ್ಕಳಿಗೆ ಎಟುಕದ ಕಡೆ ಇಡುತ್ತೇವೆ.
ಇದನ್ನು ಅಂಗೈಗೆ ಸುರಿದು ನೆಕ್ಕುತ್ತೇವೆ.

ಲಿವರ್ ಎಂದರೆ ಅವಳಿಗೆ
ಹಂದಿ ಕಡಿದ ದಿನ ಮೆಣಸುಪುಡಿ ಉದುರಿಸಿ ಹುರಿದು
ಮಕ್ಕಳ ಬಾಯಿಗೆ ಮೊದಲು ಹಾಕುವ ತುಂಡು.
ತನ್ನ ಬಲಪಕ್ಕೆ ಮುಟ್ಟಿ ನೋಡಿಕೊಂಡಳು,
ಯಾರೋ ಇಷ್ಟು ವರ್ಷ ಅಲ್ಲಿ ಬಾಡಿಗೆಯಿಲ್ಲದೆ
ಪಾತ್ರೆ ತೊಳೆಯುತ್ತಿದ್ದರು ಎಂದು
ಈಗ ತಿಳಿದವಳಂತೆ.

ನಲವತ್ತರೊಳಗೆ ಇರಬೇಕಾದದ್ದು
ಸಾವಿರದ ನೂರ ನಲವತ್ತು.
ಯಂತ್ರದ ತಪ್ಪಿರಬೇಕೆಂದು ಇನ್ನೊಮ್ಮೆ ಹಾಕಿದೆ.
ಸಾವಿರದ ನೂರ ನಲವತ್ತೆರಡು.

ಅಳಿಯ ಡಬ್ಬಿ ತಂದ. ಬಿಸ್ಕತ್ತಿನದು,
ಮುಚ್ಚಳದಲ್ಲಿ ಅರ್ಧ ಅಳಿಸಿದ ಗುಲಾಬಿ,
ತಳದಲ್ಲಿ ಎರಡು ಚಮಚ ಪುಡಿ.
ನಮ್ಮ ಯಂತ್ರ ರಕ್ತ ಓದುತ್ತದೆ, ಪುಡಿ ಓದುವುದಿಲ್ಲ.
ಪುಡಿಯೋ, ಗುಳಿಗೆಯೋ, ಎರಡೂ ಸೇರಿಯೋ?
ಡಾಕ್ಟರು ಬರೆದು ಪಕ್ಕದಲ್ಲಿ
ಪ್ರಶ್ನೆ ಚಿಹ್ನೆ ಹಾಕಿದರು.

ಮೈಸೂರಿನ ವಾರ್ಡಿಗೆ ನೋಡಲು ಹೋದವರು ಏಳು ಜನ.
ಐವರ ಕೈಯಲ್ಲಿ ಕಾಮಾಲೆಗೆ ಔಷಧಿ:
ಎಲೆ, ರಸ, ಮಜ್ಜಿಗೆಯಲ್ಲಿ ಅರೆದದ್ದು,
ಕಾಗದದಲ್ಲಿ ಮಡಿಸಿದ್ದು, ಮಂತ್ರಿಸಿದ ದಾರ.
ದಾರ ಕಟ್ಟಿ, ಅಡ್ಡಿಯಿಲ್ಲ
ಎಂದರಂತೆ ಅಲ್ಲಿಯ ಡಾಕ್ಟರು.

ಆರುನೂರು. ಇನ್ನೂರ ಹತ್ತು.
ಪುತ್ತರಿಯ ಹೊತ್ತಿಗೆ ಐವತ್ತೆರಡು.
ಮಂಡಿನೋವೂ ಅಷ್ಟರಲ್ಲಿ
ತನ್ನ ಮನೆಗೆ ತಾನು ಮರಳಿತ್ತು.

ಈ ವರ್ಷದ ಹದಿನೆಂಟಕ್ಕೆ
ಬಸ್ಸಿನ ಕಂಡಕ್ಟರ್ ಕೈಯಲ್ಲಿ
ಬೊಳ್ಳವ್ವ ಪಾಯಸ ಕಳಿಸಿದಳು.
ಬಿಸ್ಕತ್ತಿನ ಡಬ್ಬಿ.
ಮುಚ್ಚಳದಲ್ಲಿ ಅರ್ಧ ಗುಲಾಬಿ.
ತೊಳೆದಿದ್ದಾಳೆ, ಖಂಡಿತ ತೊಳೆದಿದ್ದಾಳೆ.
ಮೂಸಿದೆ. ಸೊಪ್ಪಿನ ವಾಸನೆ, ಬೆಲ್ಲ, ತೆಂಗಿನ ಹಾಲು.
ನಿಂತುಕೊಂಡೇ ತಿಂದೆ.

ಬೆಳಗ್ಗೆ ಕೆಂಪು.
ಮರುದಿನ ಬೆಳಗ್ಗೆ ತಿಳಿ.
ಅದರ ಮರುದಿನವೂ
ಬಗ್ಗಿ ನೋಡಿದೆ.